ಅಡ್ಡ ಪರದೆ, ಉದ್ದ ಫೋಟೋ

ಕಳೆದ ವಾರ ನಮ್ಮ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನು ಮಾಡಿದಳು. ತಿಂಗಳ ಕೊನೆಗೆ ಇಬ್ಬರು ನಿವೃತ್ತರಾಗುತ್ತಿದ್ದಾರಂತೆ. ಅವರ ಸ್ಲೈಡ್ ಶೋ ಮಾಡುವ ಕೆಲಸ ಅವಳ ಪಾಲಿಗೆ ಬಂದಿದೆಯಂತೆ. ಮನೆಯವರು ಕೊಟ್ಟ ಫೋಟೋಗಳಲ್ಲಿ ಒಂದರ ಹಾಗೆ ಒಂದಿಲ್ಲ, ಏನು ಮಾಡಲಿ ಎಂದು ಕೇಳಿದಳು. ನನಗೆ ಹಿಗ್ಗೋ ಹಿಗ್ಗು. ಗೋಡೆಗೆ ಒರಗಿ ಕುಳಿತು, ಉಸಿರು ಬಿಡದೆ ಎಲ್ಲ ಹೇಳಿದೆ. ಫೋನು ಇಡುವಾಗ ಆಕೆ, "ಭಾಳ ಉಪಕಾರ ಆಯ್ತ್ರಿ ಸರ್. ಮೊದ್ಲ ನಸೀಮಾ ಮೇಡಂಗ ಹಚ್ಚಿದ್ದೆ, ಅವ್ರ ಫೋನ್ ಬಿಜಿ ಬರ್ಲಿಕತ್ತಿತ್ತು. ಅದಕ್ಕ ನಿಮಗ ಹಚ್ಚಿದೆ" ಎಂದಳು.

ಹಿಗ್ಗು ಅಲ್ಲೇ ಇಳಿಯಿತು. ಆದರೆ ಮನಸ್ಸಿನಲ್ಲಿ ಇನ್ನೂ ಹೇಳುವುದು ಉಳಿದಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಓದಲಿ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದು ಕಚೇರಿಯ ಕಡತದಲ್ಲಿದೆ, ಅದು ಅಲ್ಲೇ ಇರಲಿ.

ನನ್ನ ಹೆಸರು ಸಿದ್ರಾಮಪ್ಪ. ಹುಟ್ಟಿದ್ದು ಸೇಡಂ ತಾಲೂಕಿನ ಕುರಕುಂಟಾ. ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಗೆ ಟ್ರೇಸರ್ ಆಗಿ ಸೇರಿದೆ. ಯಂತ್ರದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ. ನನ್ನ ಗೆರೆ ನೆಟ್ಟಗಿರುತ್ತದೆ ಎಂಬ ಒಂದೇ ಕಾರಣಕ್ಕೆ ತರಬೇತಿ ಕೇಂದ್ರದ ಕುಲಕರ್ಣಿ ಸಾಹೇಬರು ನನ್ನನ್ನು ತಮ್ಮ ಕಡೆಗೆ ಎಳೆದುಕೊಂಡರು. ಹೊಸ ಕಾರ್ಮಿಕರಿಗೆ ಸುರಕ್ಷತೆಯ ಪಾಠ ಹೇಳುವಾಗ ಅವರು ಗೋಡೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಆ ಚಿತ್ರಗಳನ್ನು ಸಿದ್ಧಮಾಡುವುದು ನನ್ನ ಕೆಲಸವಾಯಿತು.

ಆಗ ಕಂಪ್ಯೂಟರ್ ಇರಲಿಲ್ಲ. ಫಿಲ್ಮಿನ ತುಂಡನ್ನು ರಟ್ಟಿನ ಚೌಕಟ್ಟಿಗೆ ಸಿಕ್ಕಿಸಿ, ತಲೆಕೆಳಗು ಮಾಡಿ ಪ್ರೊಜೆಕ್ಟರಿನ ತಟ್ಟೆಗೆ ಇಳಿಸಬೇಕು. ಹಾಗೆ ಮಾಡಿದರೆ ಮಾತ್ರ ಗೋಡೆಯ ಮೇಲೆ ಸರಿಯಾಗಿ ಮೂಡುತ್ತದೆ. ಒಮ್ಮೆ ಹೊರಗಿನಿಂದ ದೊಡ್ಡವರು ಬಂದಿದ್ದರು. ಆತುರದಲ್ಲಿ ಒಂದು ಸ್ಲೈಡನ್ನು ನೆಟ್ಟಗೇ ಇಳಿಸಿಬಿಟ್ಟೆ. ಅದು ಸಾಕ್ಷಾತ್ ಕುಲಕರ್ಣಿ ಸಾಹೇಬರು ಹೆಲ್ಮೆಟ್ ಹಾಕಿಕೊಂಡು ನಿಂತದ್ದು. ಕಾಲು ಮೇಲೆ, ಹೆಲ್ಮೆಟ್ ಕೆಳಗೆ. ದೊಡ್ಡವರು ಕತ್ತು ಓರೆ ಮಾಡಿ ನೋಡಿದರು. ಅವರು ಹೋದ ಮೇಲೆ ಸಾಹೇಬರು ನನ್ನನ್ನು ಕರೆದು, "ಏನಪಾ ಸಿದ್ರಾಮಪ್ಪ, ಈ ಕಾರ್ಖಾನ್ಯಾಗ ನಾನು ತಲಿ ಮ್ಯಾಲೆ ನಿಂತು ಕೆಲಸಾ ಮಾಡ್ತೀನಿ ಅಂತ ತೋರಸ್ಲಿಕತ್ತಿದ್ದೇನು?" ಎಂದರು. ಅಂದಿನಿಂದ ಪ್ರತಿ ರಟ್ಟಿನ ಮೂಲೆಗೂ ಕೆಂಪು ಚುಕ್ಕೆ ಇಟ್ಟೆ. ಅರೆಗತ್ತಲಲ್ಲೂ ಹೆಬ್ಬೆರಳು ಎಲ್ಲಿ ಬರಬೇಕೆಂದು ತಿಳಿಯುತ್ತಿತ್ತು.

ಕುಲಕರ್ಣಿ ಸಾಹೇಬರದು ಒಂದೇ ಕಾನೂನು. ಪರದೆಯ ಮೇಲೆ ಎಲ್ಲೂ ಖಾಲಿ ಕಪ್ಪು ಕಾಣಬಾರದು. "ಕಪ್ಪು ಬಿಟ್ರ ಜನ ಕಪ್ಪೇ ನೋಡ್ತಾರ. ಪರದಿ ತುಂಬಿರಬೇಕು" ಎನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಆ ಕಾನೂನು ಬದಲಾಗಲಿಲ್ಲ.

ಕಂಪ್ಯೂಟರ್ ಜೊತೆಗೇ ಹೊಸ ಪದ್ಧತಿಯೊಂದು ಶುರುವಾಯಿತು. ತಿಂಗಳ ಕೊನೆಯ ದಿನ ಕಾಲೊನಿಯ ಸಭಾಭವನದಲ್ಲಿ ನಿವೃತ್ತರಿಗೆ ಶಾಲು, ಹಾರ, ಭಾಷಣ. ಭಾಷಣಕ್ಕೆ ಮೊದಲು ಅವರ ಬದುಕಿನ ಫೋಟೋಗಳ ಸ್ಲೈಡ್ ಶೋ. ಚಿತ್ತಾಪುರ, ಶಹಾಬಾದ, ತೆಂಗಳಿ, ಮಳಖೇಡದಿಂದ ಫೋಟೋಗಳು ಬರುತ್ತಿದ್ದವು. ಬಿಸ್ಕೀಟಿನ ಡಬ್ಬಿಯಲ್ಲಿ, ಸೀರೆಯ ಪೆಟ್ಟಿಗೆಯಲ್ಲಿ, ಎದೆಯ ಜೇಬಿನಲ್ಲಿ. ಗೇಟ್ ಪಾಸಿನ ಚೋಟುದ್ದ ಫೋಟೋ, ಜಾತ್ರೆಯಲ್ಲಿ ತೆಗೆಸಿದ ಚೌಕ ಫೋಟೋ, ಲಗ್ನದ ಮೊಟ್ಟೆಯಾಕಾರದ ಫೋಟೋ, ಆಮೇಲೆ ಆಮೇಲೆ ಮೊಬೈಲಿನಲ್ಲಿ ನಿಲ್ಲಿಸಿ ತೆಗೆದ ಉದ್ದನೆಯವು, ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹಾರಿ ಹಾರಿ ಸವೆದುಹೋದವು. ಪರದೆ ಮಾತ್ರ ಅಡ್ಡ. ಇವೆಲ್ಲವನ್ನೂ ಅದರೊಳಗೆ ಕೂರಿಸಬೇಕು.

ಮೊದಮೊದಲು ನಾನು ಫೋಟೋದ ಮೂಲೆ ಹಿಡಿದು ಪರದೆ ತುಂಬುವವರೆಗೆ ಎಳೆದುಬಿಡುತ್ತಿದ್ದೆ. ಮಳಖೇಡದ ಮಲ್ಲಪ್ಪ ಎಂಬ ಫಿಟ್ಟರ್ ಇದ್ದ. ಜೋಳದ ದಂಟಿನಂಥ ಮನುಷ್ಯ. ಅವನ ಉದ್ದನೆಯ ಫೋಟೋವನ್ನು ಅಡ್ಡಕ್ಕೆ ಎಳೆದೆ. ಪರದೆಯ ಮೇಲೆ ಗಲ್ಲ ಉಬ್ಬಿ, ಹೊಟ್ಟೆ ಬಂದು, ಊರಗೌಡನ ಹಾಗೆ ಮೂಡಿದ. ಸಭೆಯೆಲ್ಲ ಕೇಕೆ ಹಾಕಿತು. ಕುಲಕರ್ಣಿ ಸಾಹೇಬರು ನಿಲ್ಲಿಸೆಂದು ಸನ್ನೆ ಮಾಡಿದರು. ಅಷ್ಟರಲ್ಲಿ ಮಲ್ಲಪ್ಪನ ಹೆಂಡತಿ ಮುಂದಿನ ಸಾಲಿನಿಂದಲೇ, "ಇರ್ಲಿ ಬಿಡ್ರಿ ಸಾಹೇಬ್ರ, ಒಂದಿನರೆ ಮೈತುಂಬ ಕಾಣ್ಲಿ" ಎಂದಳು. ನಾನು ಬದುಕಿಕೊಂಡೆ.

ಆಮೇಲೆ ಎಳೆಯುವುದನ್ನು ಬಿಟ್ಟು ಕತ್ತರಿಸುವುದನ್ನು ಕಲಿತೆ. ಯಾರು ನಿವೃತ್ತರೋ ಅವರ ಮುಖ ನಡುವೆ. ತಲೆಯ ಮೇಲೆ ಎರಡು ಬೆರಳು ಜಾಗ. ಅಕ್ಕಪಕ್ಕದವರ ಭುಜ, ಕಿಟಕಿ, ಕೋಳಿ, ಕೊಡ ಎಲ್ಲ ಹೊರಗೆ. ಯಾವ ಅಳತೆಯ ಫೋಟೋ ಬಂದರೂ ನನ್ನ ಕೈಯಿಂದ ಹೊರಡುವಾಗ ಎಲ್ಲ ಒಂದೇ ಅಳತೆ, ಒಂದೇ ಬೆಳಕು. ಜನ ಮೆಚ್ಚಿದರು. "ಸಿದ್ರಾಮಪ್ಪ ಮಾಡ್ಯಾನಂದ್ರ ಸಿನಿಮಾ ಇದ್ದಂಗ" ಎನ್ನುತ್ತಿದ್ದರು. ವಾಡಿಯ ಚಹಾದಂಗಡಿಯಲ್ಲಿ ನನ್ನನ್ನು ಕಂಡರೆ, ಇನ್ನೂ ನಿವೃತ್ತಿಗೆ ಬಹಳ ವರ್ಷ ಇದ್ದವರೂ "ನಂದು ನೀವೇ ಮಾಡ್ಬೇಕ್ರಿ" ಎಂದು ಮುಂಗಡ ಹೇಳಿಡುತ್ತಿದ್ದರು. ಆ ಮಾತಿನ ರುಚಿ ನನಗೆ ಹತ್ತಿತ್ತು.

ಆಗ ನಸೀಮಾ ಬಂದಳು.

ಶಹಾಬಾದಿನವಳು. ಹಾಜರಿ ಹಾಕುವ ವಿಭಾಗದಲ್ಲಿದ್ದಳು. ಕಂಪ್ಯೂಟರ್ ಚೆನ್ನಾಗಿ ಬರುತ್ತದೆಂದು ತರಬೇತಿ ಕೇಂದ್ರಕ್ಕೆ ಹಾಕಿದರು. ಅಷ್ಟೊತ್ತಿಗೆ ಕುಲಕರ್ಣಿ ಸಾಹೇಬರು ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಬಂದವರು, "ಒಂದು ತಿಂಗಳು ನೀವು, ಒಂದು ತಿಂಗಳು ನಸೀಮಾ" ಎಂದು ಭಾಗ ಮಾಡಿದರು. ಮನೆಯ ಅಂಗಳದಲ್ಲಿ ಗೋಡೆ ಎದ್ದಂತಾಯಿತು ನನಗೆ.

ಅವಳ ಪಾಲಿಗೆ ಮೊದಲು ಬಂದವನು ಭೀಮರಾಯ, ಕಲ್ಲುಗಣಿಯ ಕೆಲಸಗಾರ. ಅವನ ಹತ್ತಿರ ಇದ್ದದ್ದು ಒಂದೇ ಫೋಟೋ. ಕಾರ್ಖಾನೆಗೆ ಬರುವ ಮೊದಲು ಅವನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಶಿ ಕಲ್ಲು ತೆಗೆಯುತ್ತಿದ್ದ. ಆಗ ಗಣಿಯವರೆಲ್ಲ ಸಾಲಾಗಿ ನಿಂತು ತೆಗೆಸಿದ್ದು ಅದು. ಪಟ್ಟಿಯ ಹಾಗೆ ಅಡ್ಡಕ್ಕೆ ಉದ್ದ. ಭೀಮರಾಯ ಕಟ್ಟಕಡೆಯ ಸಾಲಿನ ಬಲ ತುದಿಯಲ್ಲಿ. ನಸೀಮಾ ಅದನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದಳು.

"ಸರ್, ಇದು ಭಾಳ ಉದ್ದ ಅದರಿ. ಹ್ಯಾಂಗ್ ಮಾಡ್ಲಿ?"

"ಭೀಮರಾಯನ ಮಾರಿ ಅಷ್ಟೇ ಕತ್ತರಿಸಿ ದೊಡ್ಡದು ಮಾಡ್ರಿ. ಉಳಿದವ್ರು ಯಾರಿಗಿ ಬೇಕಾಗ್ಯಾರ?"

ಹೌದ್ರಿ ಎಂದು ತಲೆಯಾಡಿಸಿ ಹೋದಳು.

ಸಭೆಯ ದಿನ ಪರದೆ ಬೆಳಗಿತು. ನೋಡಿದರೆ ಅವಳು ಕತ್ತರಿಸಿರಲೇ ಇಲ್ಲ. ಫೋಟೋದ ಎತ್ತರವನ್ನು ಪರದೆಯ ಎತ್ತರಕ್ಕೆ ಹೊಂದಿಸಿ, ಎಡ ತುದಿಯಿಂದ ನಿಧಾನವಾಗಿ ಸರಿಯುವಂತೆ ಮಾಡಿದ್ದಳು. ಒಮ್ಮೆಗೆ ಕೆಲವೇ ಮುಖಗಳು. ಅವು ಹೋಗುತ್ತವೆ, ಬೇರೆ ಬರುತ್ತವೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಗಟ್ಟಿಯಾಗಿ, "ಅಲಾ! ನಮ್ಮಪ್ಪ!" ಎಂದ. ಇನ್ನೊಂದು ಕಡೆಯಿಂದ ಹೆಣ್ಣುಮಗಳೊಬ್ಬಳು, "ಅಲ್ಲಿ ನೋಡ್ರಿ, ನಮ್ಮ ಮುತ್ಯಾ, ರುಮಾಲಿನಂವ" ಎಂದಳು. ಒಬ್ಬೊಬ್ಬರೇ ಹೆಸರು ಹಿಡಿದು ಕೂಗತೊಡಗಿದರು. ಕೊನೆಗೆ ಬಿಸಿಲಿಗೆ ಒಂದು ಕಣ್ಣು ಮುಚ್ಚಿ ನಿಂತ ಹರೆಯದ ಭೀಮರಾಯ ಬಂದ. ಚಿತ್ರ ಅಲ್ಲಿ ನಿಂತಿತು. ವೇದಿಕೆಯ ಮೇಲಿದ್ದ ಭೀಮರಾಯ ಕುರ್ಚಿಯಿಂದ ಎದ್ದ. ಅವನಿಗೆ ಭಾಷಣ ಬರುವುದಿಲ್ಲ. ಮೈಕಿನ ಮುಂದೆ ನಿಂತು, "ಎಲ್ಲಾರೂ ಬಂದ್ರಲ್ಲಪಾ" ಎಂದ. ಅಷ್ಟೇ ಹೇಳಿ ಕುಳಿತ.

ಅಂಥ ಚಪ್ಪಾಳೆ ನನ್ನ ಯಾವ ಸ್ಲೈಡ್ ಶೋಗೂ ಬಿದ್ದಿರಲಿಲ್ಲ. ನಾನೂ ತಟ್ಟಿದೆ. ಅಂಗೈ ಮಾತ್ರ ಕೂಡಿದವು. ಹೊರಗೆ ಬಂದಾಗ ನಸೀಮಾ ಎದುರಾದಳು. "ಛಲೋ ಆಗ್ಯಾದ. ಆದ್ರ ಮಸುಕು ಕಾಣ್ತಿತ್ತು" ಎಂದೆ. "ಹೌದ್ರಿ ಸರ್, ಮಸುಕಿತ್ತು" ಎಂದಳು. ವಾದ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಲ್ಲಿಂದ ನನಗೆ ಅವಳ ತಿಂಗಳು ಬಂತೆಂದರೆ ಹೊಟ್ಟೆಯಲ್ಲಿ ಕೆಂಡ. ಹಿಂದಿನ ಸಾಲಿನಲ್ಲಿ ಕುಳಿತು ತಪ್ಪು ಹುಡುಕುತ್ತಿದ್ದೆ. ಸಿಕ್ಕರೂ ಅದು ಬೇರೆ ಯಾರಿಗೂ ತಪ್ಪಾಗಿ ಕಾಣುತ್ತಿರಲಿಲ್ಲ. ಮೊಬೈಲಿನ ಉದ್ದನೆಯ ಫೋಟೋ ಬಂದರೆ ನಾನು ತಲೆ ಕಾಲು ಕತ್ತರಿಸುತ್ತಿದ್ದೆ. ಅವಳು ಫೋಟೋವನ್ನು ಇದ್ದ ಹಾಗೇ ನಡುವೆ ನಿಲ್ಲಿಸಿ, ಅದೇ ಫೋಟೋವನ್ನು ದೊಡ್ಡದು ಮಾಡಿ ಮಂಜು ಮಾಡಿ ಹಿಂದೆ ಹಾಸುತ್ತಿದ್ದಳು. ಅಕ್ಕಪಕ್ಕದ ಕಪ್ಪು ತುಂಬುತ್ತಿತ್ತು, ಫೋಟೋವೂ ಉಳಿಯುತ್ತಿತ್ತು. ನೋಡಿ ಮೈ ಉರಿಯಿತು. ಕುಲಕರ್ಣಿ ಸಾಹೇಬರ ಕಾನೂನು ಮುರಿಯದೆ, ನನ್ನ ಕತ್ತರಿಯನ್ನೂ ಮುಟ್ಟದೆ ದಾಟಿಹೋಗಿದ್ದಳು. ನಾನು ಗುಟ್ಟಾಗಿ ಅದನ್ನು ಕಲಿತು ಮುಂದಿನ ತಿಂಗಳು ಮಾಡಿ ತೋರಿಸಿದೆ. ಜನ ಬಂದು, "ಈ ಸಲ ನಸೀಮಾ ಮಾಡಿದಂಗ ಮಾಡೀರಿ ನೋಡ್ರಿ, ಛಂದ ಆಗ್ಯಾದ" ಎಂದರು. ಅಂದು ಊಟ ಸೇರಲಿಲ್ಲ.

ನನ್ನ ತಪ್ಪು ಕೂಡ ಅವಳಿಗೇ ಹೆಸರು ತಂದಿತು. ಒಂದು ತಿಂಗಳು ಬಹಳ ಜನ ನಿವೃತ್ತರಿದ್ದರು. ಪ್ರತಿ ಫೋಟೋದ ಕೆಳಗೂ ಕನ್ನಡದಲ್ಲಿ ಹೆಸರು, ಊರು ಬರೆದಿದ್ದೆ. ಸಭಾಭವನದ ಕಂಪ್ಯೂಟರಿನಲ್ಲಿ ನಾನು ಬಳಸಿದ ಕನ್ನಡ ಅಕ್ಷರದ ಫಾಂಟು ಇರಲಿಲ್ಲ. ಹೆಸರಿನ ಜಾಗದಲ್ಲಿ ಡಬ್ಬಿ, ಕೊಕ್ಕೆ, ಪ್ರಶ್ನೆ ಚಿಹ್ನೆ. ನಾನು ಬೆವರಿ ನಿಂತಿದ್ದಾಗ ನಸೀಮಾ ವೇದಿಕೆ ಹತ್ತಿ ಮೈಕ್ ತೆಗೆದುಕೊಂಡು, ಮುಖ ನೋಡಿ ನೋಡಿ ಒಬ್ಬೊಬ್ಬರ ಹೆಸರನ್ನೂ ಊರನ್ನೂ ಹೇಳಿದಳು. ಹಾಜರಿ ಹಾಕಿದವಳಲ್ಲವೇ, ಎಲ್ಲರೂ ಗೊತ್ತು. ಸಭೆ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಅವಳು ಹೇಳಿದ ರೀತಿಯೇ. ಫೋಟೋ ಯಾರು ಮಾಡಿದ್ದೆಂದು ಒಬ್ಬರೂ ಕೇಳಲಿಲ್ಲ. ಹುಡುಗರೇ, ಇದೊಂದು ನೆನಪಿಡಿ: ಹೆಸರನ್ನು ಅಕ್ಷರವಾಗಿ ಬಿಡಬೇಡಿ, ಚಿತ್ರದೊಳಗೇ ಸೇರಿಸಿಬಿಡಿ. ಇನ್ನೊಬ್ಬರಿಗೆ ಮೈಕ್ ಸಿಗುವುದಿಲ್ಲ.

ಈಗ ನಮ್ಮ ಮನೆಯವಳ ವಿಷಯ. ಹೆಸರು ಕಸ್ತೂರಿ. ಆರೋಗ್ಯ ಇಲಾಖೆಯಲ್ಲಿ ನರ್ಸ್. ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಬಹಳ ವರ್ಷ, ಆಮೇಲೆ ಚಿತ್ತಾಪುರದ ಕಡೆ ದುಡಿದವಳು. ಮೊಣಕಾಲು ನೋವೆಂದು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡಳು. ಅವರ ಕಡೆಯವರೂ ಚಿತ್ತಾಪುರದಲ್ಲಿ ಸಣ್ಣದೊಂದು ಬೀಳ್ಕೊಡುಗೆ ಇಟ್ಟರು. ನಾನು ಆಗಲೇ ಮನಸ್ಸಿನಲ್ಲಿ ಅವಳ ಸ್ಲೈಡ್ ಶೋ ಜೋಡಿಸಿದ್ದೆ. ಮೊದಲು ಯಾವುದು, ಕೊನೆಗೆ ಯಾವುದು, ಎಲ್ಲಿ ವಚನದ ಧಾಟಿಯ ಸಂಗೀತ, ಎಲ್ಲ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳಿಗೆ, "ನಿನ್ನ ಫೋಟೋ ಎಲ್ಲಾ ತಗಿದಿಡು, ಐತವಾರ ಕುಂದ್ರತೀನಿ" ಎಂದೆ.

ಅವಳು ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಹೇಳಿದಳು. "ನಸೀಮಾಗ ಕೊಟ್ಟೀನ್ರಿ."

"ಯಾರಿಗಿ?"

"ನಸೀಮಾಗ. ಭೀಮರಾಯಂದು ಮಾಡಿದ್ಲಲ್ಲ, ನಾನೂ ಬಂದು ನೋಡಿದ್ದೆ. ಅವತ್ತೇ ಅಂದ್ಕೊಂಡಿದ್ದೆ. ಹೋದ ವಾರ ಹೋಗಿ ಕೊಟ್ಟು ಬಂದೆ."

"ಗಂಡ ಮನ್ಯಾಗ ಇರೂ ಮುಂದ? ಊರ ಮಂದಿಗೆಲ್ಲಾ ನಾ ಮಾಡೀನಿ. ನಾಕು ಮಂದಿ ಏನಂತಾರ?"

"ನಾಕು ಮಂದಿಗಿ ಯಾಕ್ ಹೇಳ್ತೀರಿ? ನೀವು ಮಾಡಿದ್ರ ಎಲ್ಲಾ ಫೋಟೋದಾಗೂ ನಾ ಒಬ್ಬಾಕಿನೇ ಇರ್ತೀನಿ. ಅಕ್ಕಪಕ್ಕದೋರ್ನೆಲ್ಲಾ ಕತ್ತರಿಸಿ ಒಗೀತೀರಿ. ನಾ ಒಬ್ಬಾಕಿನೇ ಯಾವಾಗ ಇದ್ದೆ, ಹೇಳ್ರಿ? ಯಾವ ಬಾಣಂತಿ ಮನಿಗಿ ನಾ ಒಬ್ಬಾಕಿ ಹೋಗೀನಿ?"

ನಾನು ಎದ್ದು ಹೊರಗೆ ಹೋದೆ. ಸಿಟ್ಟಿಗೆ ರೊಟ್ಟಿ ತಿನ್ನಲಿಲ್ಲ. ಅವಳೂ ಕರೆಯಲಿಲ್ಲ. ಆ ವಾರವೆಲ್ಲ ಕಚೇರಿಯಲ್ಲಿ ನಸೀಮಾಳ ಮೇಜಿನ ಕಡೆ ನೋಡದೆ ಓಡಾಡಿದೆ. ನನ್ನ ಹೆಂಡತಿಯ ಫೋಟೋಗಳು ಅವಳ ಕಂಪ್ಯೂಟರಿನಲ್ಲಿವೆ, ನಾನು ಕೇಳುವಂತಿಲ್ಲ. ಅವಳು ಮಾತ್ರ ಒಮ್ಮೆ, "ಸರ್, ಮೇಡಂ ಅವ್ರ ಹೆಸ್ರು ಕಸ್ತೂರಿಬಾಯಿ ಅಂತ ಬರೀಲೇನ್ರಿ, ಬರೇ ಕಸ್ತೂರಿ ಅಂತ ಬರೀಲೇನ್ರಿ?" ಎಂದು ಕೇಳಿದಳು. "ಆಕಿಗೇ ಕೇಳ್ರಿ" ಎಂದೆ.

ಚಿತ್ತಾಪುರದ ಕಾರ್ಯಕ್ರಮಕ್ಕೆ ಹೋಗಿ ಹಿಂದೆ ಕುಳಿತೆ. ಪರದೆ ಅಂದರೆ ಗೋಡೆಗೆ ಕಟ್ಟಿದ ಬಿಳಿ ಚಾದರ. ಫೋಟೋಗಳು ಒಂದೊಂದೂ ಒಂದೊಂದು ಆಕಾರದಲ್ಲೇ ಬಂದವು. ಚೌಕದ್ದು ಚೌಕವಾಗಿ, ಉದ್ದದ್ದು ಉದ್ದವಾಗಿ. ಪೋಲಿಯೋ ಹನಿಯ ಡಬ್ಬಿ ಹಿಡಿದ ಕಸ್ತೂರಿ, ಸುತ್ತ ಹಳ್ಳಿಯ ಮಕ್ಕಳು. ಹೊಸ್ತಿಲ ಮೇಲೆ ಕುಳಿತ ಕಸ್ತೂರಿ, ತೊಡೆಯ ಮೇಲೆ ಯಾರದೋ ಕೂಸು, ಹಿಂದೆ ಬಾಗಿಲ ಮರೆಯಲ್ಲಿ ಆ ಕೂಸಿನ ಅಜ್ಜಿ. ಯಾರನ್ನೂ ಕತ್ತರಿಸಿರಲಿಲ್ಲ.

ಆಮೇಲೆ ಒಂದು ಫೋಟೋ ಬಂತು. ಚಿಂಚೋಳಿಯ ಕಾಡಿನ ದಾರಿ, ಹಳ್ಳದಲ್ಲಿ ನಿಂತ ಇಲಾಖೆಯ ಜೀಪು. ಅದರ ಹಿಂದಿನ ಬಾಗಿಲು ತೆರೆದು ಕೆಲವು ನರ್ಸುಗಳು ಕಾಲು ಇಳಿಬಿಟ್ಟು ಕುಳಿತಿದ್ದಾರೆ. ಒಂದು ತುದಿಗೆ ಕಸ್ತೂರಿ. ನಗುತ್ತಿದ್ದಾಳೆ. ಸುಮ್ಮನೆ ನಗುವುದಲ್ಲ, ಕಣ್ಣು ಮುಚ್ಚಿಹೋಗಿ, ಪಕ್ಕದವಳ ಭುಜದ ಮೇಲೆ ಬಿದ್ದು, ಸೆರಗಿನ ಪರಿವೆ ಇಲ್ಲದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇನೆ, ಆ ನಗೆಯನ್ನು ನಾನು ನೋಡಿರಲಿಲ್ಲ. ಸಭೆಯಲ್ಲಿದ್ದ ಅವಳ ಗೆಳತಿಯರು ಆ ಫೋಟೋ ಕಂಡದ್ದೇ ಹೋ ಎಂದು ನಕ್ಕರು. ವೇದಿಕೆಯ ಮೇಲೆ ಇವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಏನು ನಗೆ ಎಂದು ಗೊತ್ತಿಲ್ಲದವನು ಇಡೀ ಸಭೆಯಲ್ಲಿ ನಾನೊಬ್ಬನೇ ಅನ್ನಿಸಿತು. ನಸೀಮಾಳ ಮೇಲಿನ ಹೊಟ್ಟೆಕಿಚ್ಚು ಅಲ್ಲಿಯವರೆಗೆ ಇತ್ತು. ಆ ಕ್ಷಣಕ್ಕೆ ಅದು ಜೀಪಿನಲ್ಲಿ ಕುಳಿತವರ ಮೇಲೆ ತಿರುಗಿತು. ಇದು ಹೆಚ್ಚು ಸುಟ್ಟಿತು.

ಬಸ್ಸಿನಲ್ಲಿ ವಾಡಿಗೆ ಮರಳುವಾಗ ತಡೆಯಲಾರದೆ ಕೇಳಿದೆ. "ಆ ಜೀಪಿನ ಫೋಟೋದಾಗ ಯಾಕ ಅಷ್ಟು ನಗ್ಲಿಕತ್ತಿದ್ದಿ?"

ಅವಳು ಮತ್ತೆ ನಕ್ಕಳು. "ಜೀಪು ಹಳ್ಳದಾಗ ಸಿಕ್ಕಿತ್ರಿ. ಡ್ರೈವರ್ ಊರಾಗಿಂದ ಎತ್ತು ತರ್ತೀನಿ ಅಂತ ಹೋದ. ಭಾಳ ಹೊತ್ತಿಗಿ ಬಂದ. ನೋಡಿದ್ರ ಒಂದು ಮುದಿ ಎಮ್ಮಿ ಹಿಡ್ಕೊಂಡು ಬಂದಾನ. ಅದು ಬಂದದ್ದೇ ನೀರಾಗ ಮಲಗಿಬಿಡ್ತು. ಜೀಪು ಜಗ್ಗೋದು ಬಿಟ್ಟು ಎಲ್ಲಾರೂ ಎಮ್ಮಿ ಎಬ್ಬಸ್ಲಿಕತ್ವಿ."

ನನಗೂ ನಗು ಬಂತು. ಆದರೆ ನಗಲಿಲ್ಲ. "ಇಂಥಾದ್ದು ಮನಿಗಿ ಬಂದು ಒಂದು ಮಾತು ಹೇಳ್ಬಾರ್ದೇನು?"

"ಹೇಳಿದ್ದೆ ರೀ. ಅವತ್ತೇ ಹೇಳಿದ್ದೆ. ನೀವು ಯಾರದೋ ಫೋಟೋ ಮುಂದಿಟ್ಕೊಂಡು ಕುಂತಿದ್ರಿ. ಹೂಂ, ಹೂಂ ಅಂದ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಕಿಟಕಿಯಾಚೆ ತೊಗರಿ ಹೊಲ ನೋಡುತ್ತ ಹೇಳಿದಳು.

ಮುಂದೆ ನನ್ನ ಸರದಿ ಬಂತು. ನನ್ನ ಬೀಳ್ಕೊಡುಗೆಗೆ ಸ್ಲೈಡ್ ಶೋ ಬೇಡವೆಂದೆ. ಎಲ್ಲರೂ ನನ್ನ ಸರಳತೆಯನ್ನು ಹೊಗಳಿದರು. ಒಬ್ಬರು ಭಾಷಣದಲ್ಲೂ ಅದನ್ನೇ ಎತ್ತಿ ಆಡಿದರು. ಸರಳತೆಯೂ ಇಲ್ಲ, ಗಿರಳತೆಯೂ ಇಲ್ಲ. ಮಾಡುವವಳು ನಸೀಮಾ, ಅದು ಚೆನ್ನಾಗಿಯೇ ಆಗುತ್ತಿತ್ತು, ಅಷ್ಟೇ. ನನ್ನ ಮುಖ ಇಟ್ಟುಕೊಂಡು ಅವಳು ಚಪ್ಪಾಳೆ ಗಿಟ್ಟಿಸುವುದನ್ನು ಶಾಲು ಹೊದ್ದು ಕುಳಿತು ನೋಡಲು ನನ್ನಿಂದಾಗುತ್ತಿರಲಿಲ್ಲ. ಸಭೆ ಮುಗಿದ ಮೇಲೆ ನಸೀಮಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಬ್ಯಾಡ ಅಂದಿದ್ದು ಛಲೋ ಮಾಡಿದ್ರಿ ಸರ್. ನನಗೂ ಅಂಜಿಕಿ ಇತ್ತು."

"ನಿಮಗ್ಯಾಕ ಅಂಜಿಕಿ?"

"ನಾ ಈ ಕೆಲಸಾ ಮಾಡೂ ಮುಂದ ಯಾವಾಗ್ಲೂ ನೀವು ಹಿಂದಿನ ಸಾಲಿನ್ಯಾಗ ಕುಂತು ತಪ್ಪು ಹುಡುಕ್ತೀರಿ ಅಂತ ನೆನಸ್ಕೊಂಡೇ ಮಾಡ್ತೀನಿ. ನಿಮ್ಮದಕ್ಕ ನೀವು ಮುಂದ ಕುಂದರ್ತೀರಿ. ಹಿಂದ ಯಾರಿರ್ತಾರ?"

ಹಾರದಿಂದ ಒಂದು ಸೇವಂತಿಗೆ ಉದುರಿತ್ತು, ಅದನ್ನು ಎತ್ತಿಕೊಂಡು ಹೊರಟೆ. ಹೀಗಂದಳಲ್ಲ ಎಂದು ನನ್ನ ಕಿಚ್ಚು ಆರಿತು ಅಂದುಕೊಳ್ಳಬೇಡಿ. ಮಾತಿನಲ್ಲೂ ನನಗಿಂತ ಚೆನ್ನಾಗಿ ಗೆದ್ದಳಲ್ಲ ಎಂದು ಇನ್ನಷ್ಟು ಏರಿತು.

ಮರುವರ್ಷ ನಸೀಮಾಳೂ ನಿವೃತ್ತಳಾದಳು. ಈಗ ಕಸ್ತೂರಿಗೂ ಅವಳಿಗೂ ಗಳಸ್ಯ ಕಂಠಸ್ಯ. ಚಿಂಚೋಳಿಯ ಹಳೆಯ ನರ್ಸುಗಳೆಲ್ಲ ಒಂದು ದಿನ ಸೇರುವವರಿದ್ದಾರೆ, ಅದಕ್ಕೆ ಸ್ಲೈಡ್ ಶೋ. ಇವಳು ವಾರವಾರ ಶಹಾಬಾದಿಗೆ ಹೋಗುತ್ತಾಳೆ. ಮೊಣಕಾಲು ನೋವು ಆ ದಿನ ಇರುವುದಿಲ್ಲ. ಇಬ್ಬರೂ ಕುಳಿತು ಫೋಟೋ ಆರಿಸುತ್ತಾರೆ, ತಿನ್ನುತ್ತಾರೆ, ನಗುತ್ತಾರೆ. ಸಂಜೆ ಬಂದವಳನ್ನು ಏನೇನಾಯಿತೆಂದು ಕೇಳುತ್ತೇನೆ. ಹೇಳುತ್ತಾಳೆ. ನಾನು ಕೈಯಲ್ಲಿದ್ದದ್ದನ್ನು ಪಕ್ಕಕ್ಕಿಟ್ಟು ಕೇಳುತ್ತೇನೆ. ಆದರೂ ಅಲ್ಲಿ ಕುಳಿತು ಕೇಳಿದ ಹಾಗಾಗುವುದಿಲ್ಲ.

ನಿನ್ನೆ ಅಲ್ಲಿಂದಲೇ ಫೋನು ಮಾಡಿದಳು. "ರೀ, ಒಂದು ಹಳೀ ಫೋಟೋ ಕಟ್ಟಿನ ಕನ್ನಡಿಗಿ ಅಂಟ್ಕೊಂಡದ. ಬಿಡಸಾಕ ಹೋದ್ರ ಮಾರಿ ಕಿತ್ತು ಬರ್ಲಿಕತ್ತದ. ನಿಮಗ ಬರ್ತದಲ್ಲ?"

ಬರುತ್ತದೆ. ಬಿಡಿಸಲೇಬಾರದು, ಗಾಜಿನ ಸಮೇತ ಓರೆ ಬೆಳಕಿನಲ್ಲಿ ಫೋಟೋ ತೆಗೆಯಬೇಕು. ಅದನ್ನು ಫೋನಿನಲ್ಲೇ ಹೇಳಬಹುದಿತ್ತು. "ನನಗ ಕೆಲಸಾ ಅದ" ಎಂದು ಇಟ್ಟುಬಿಟ್ಟೆ.

ಇಟ್ಟು, ಒಗೆದ ಅಂಗಿ ತೊಟ್ಟೆ. ತಲೆ ಬಾಚಿದೆ. ಶಹಾಬಾದಿನ ಬಸ್ಸು ಎಷ್ಟು ಹೊತ್ತಿಗೆಂದು ಪಕ್ಕದ ಮನೆಯವರನ್ನು ಕೇಳಿದೆ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಸ್ವಲ್ಪ ಹೊತ್ತಿಗೆ ಅದು ಬಡಿದುಕೊಂಡಿತು. ಈ ಸಲ ನಸೀಮಾ.

"ಸರ್, ನೀವು ಬರೂತನಕ ಅದನ್ನ ನಾವು ಮುಟ್ಟಂಗಿಲ್ರಿ. ಚಹಾಕ್ಕ ಇಡ್ಲೇನ್ರಿ?"

"ನೋಡ್ತೀನಿ" ಎಂದೆ, ಬಾಗಿಲಿಗೆ ಕೀಲಿ ಹಾಕುತ್ತ. "ವ್ಯಾಳ್ಯಾ ಸಿಕ್ರ ಬರ್ತೀನಿ."